ರೇಸ್ ಪಾರಿವಾಳಕ್ಕೆ ಹಾಲು ಕೊಡಬಹುದಾ? ಟಾನಿಕ್, ವಿಟಮಿನ್ ಎಷ್ಟು ಬೇಕು?

ನೀಲಿರೆಕ್ಕೆ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 22 ಹೋಮರ್ ಹಕ್ಕಿಗಳಿವೆ (ದೂರ ಒಯ್ದು ಬಿಟ್ಟರೂ ಗೂಡಿಗೆ ಮರಳುವ ಪಾರಿವಾಳ). ರೇಸ್‌ಗೆ ಬಿಡಲು ಶುರು ಮಾಡಿ ಇದು ಎರಡನೇ ವರ್ಷ. ಹೋದ ರೇಸ್‌ಗೆ ಒಂದು ವಾರ ಇರುವಾಗ, ತುಂಬಾ ವರ್ಷದಿಂದ ಪಾರಿವಾಳ ಸಾಕುತ್ತಿರುವವರೊಬ್ಬರು "ಕುಡಿಯೋ ನೀರಿಗೆ ಹಾಲು ಬೆರೆಸು, ರೆಕ್ಕೆಗೆ ಬಲ ಬರುತ್ತೆ" ಅಂದರು. 900 ಮಿಲಿ ನೀರಿಗೆ 100 ಮಿಲಿ ಹಸುವಿನ ಹಾಲು ಹಾಕಿ ಕೊಟ್ಟೆ.

ಮೊದಲ ದಿನ ಏನೂ ಗೊತ್ತಾಗಲಿಲ್ಲ. ಎರಡನೇ ದಿನ ಬೆಳಿಗ್ಗೆ ಗೂಡು ಕೆರೆಯಲು ಹೋದರೆ ಹಿಕ್ಕೆ ಉಂಡೆಯಾಗಿಲ್ಲ, ಹಲಗೆಗೆ ಮೆತ್ತಿಕೊಂಡಿದೆ. ಮೂರ್ನಾಲ್ಕು ಹಕ್ಕಿಗಳ ಬಾಲದ ಕೆಳಗಿನ ಗರಿ ಒದ್ದೆ. ಅಭ್ಯಾಸ ಆಗುತ್ತೆ ಅಂದುಕೊಂಡು ನಿಲ್ಲಿಸಲಿಲ್ಲ. ರೇಸ್ 200 ಕಿಲೋಮೀಟರ್. ಆಕಾಶ ತಿಳಿಯಾಗಿತ್ತು, ಗಾಳಿಯೂ ಅಷ್ಟಿರಲಿಲ್ಲ. ಯಾವಾಗಲೂ ಮೊದಲು ಬರುವ ನನ್ನ ನೀಲಿ ಪಟ್ಟೆಯ ಹೆಣ್ಣು ಅವತ್ತು ಬರಲೇ ಇಲ್ಲ. ಮರುದಿನ ಬೆಳಿಗ್ಗೆ ಇಳಿಯುವ ಹಲಗೆಯ ಮೇಲೆ ಕೂತಿತ್ತು. ಕೈಗೆ ತಗೊಂಡರೆ ಎದೆಮೂಳೆ ಚುಚ್ಚುತ್ತಿತ್ತು. ಕಣ್ಣಲ್ಲಿ ನೀರು ಬಂತು.

ಹಾಲಿನ ಜೊತೆ ನಾನು ಕೊಡುವುದು ಇಷ್ಟು: ದಿನಾ ನೀರಿಗೆ ಮಲ್ಟಿವಿಟಮಿನ್, ವಾರಕ್ಕೆ ಮೂರು ದಿನ ಕ್ಯಾಲ್ಸಿಯಂ ಸಿರಪ್, ಕಾಳಿಗೆ ಕಾಡ್ ಲಿವರ್ ಎಣ್ಣೆ, ಬೆಳ್ಳುಳ್ಳಿ, ಆಪಲ್ ಸೈಡರ್ ವಿನೆಗರ್, ಗ್ಲೂಕೋಸ್, ಯೀಸ್ಟ್ ಪುಡಿ. ಇದು ಜಾಸ್ತಿ ಆಯ್ತಾ? ಹಾಲು ಕೊಟ್ಟಿದ್ದೇ ತಪ್ಪಾ? ಗೊತ್ತಿರುವವರು ಬಿಡಿಸಿ ಹೇಳಿ.

ಬೂದಿಗರಿ
ಮೊದಲು ಹಾಲು ನಿಲ್ಲಿಸಿ. ಉಳಿದಿದ್ದು ಆಮೇಲೆ ಮಾತಾಡೋಣ.

ಹಳೆಗೂಡು
ಹಾಲಿಗೆ ಯಾಕಪ್ಪಾ ಇಷ್ಟು ಹೆದರಿಕೆ? ನಾನು ಮೂವತ್ತು ವರ್ಷದಿಂದ ಹಕ್ಕಿ ಸಾಕುತ್ತಿದ್ದೇನೆ. ರೇಸ್‌ನಿಂದ ಬಂದ ಸಂಜೆ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಕೊಡುತ್ತೇನೆ. ಮುಗಿಬಿದ್ದು ತಿನ್ನುತ್ತವೆ. ನನ್ನ ಗೂಡಿನಲ್ಲಿ ಹಾಲಿನಿಂದ ಒಂದು ಹಕ್ಕಿಯೂ ಸತ್ತಿಲ್ಲ. ಗೆದ್ದಿರುವ ಹಕ್ಕಿಗಳೂ ಇವೆ. ನಿನ್ನ ಹೆಣ್ಣು ತಡವಾಗಿ ಬಂದಿದ್ದಕ್ಕೆ ಹಾಲೇ ಕಾರಣ ಅಂತ ಹೇಗೆ ಹೇಳುತ್ತೀಯ? ದಾರಿಯಲ್ಲಿ ಗಿಡುಗ ಅಟ್ಟಿಸಿಕೊಂಡು ಬಂದಿರಬಹುದು, ತಂತಿಗೆ ತಾಗಿರಬಹುದು.

ಹಕ್ಕಿವೈದ್ಯ
ಹಳೆಗೂಡು ಅಣ್ಣ ಹೇಳಿದ ಕೊನೆಯ ಮಾತು ಸರಿ. ಒಂದು ಹಕ್ಕಿ ಒಂದು ದಿನ ತಡವಾದರೆ ಕಾರಣ ನೂರಿರುತ್ತೆ. ಆದರೆ ಹಾಲಿನ ವಿಷಯ ಬೇರೆ.

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಒಡೆಯಲು ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಹಸು, ನಾಯಿ, ಮನುಷ್ಯರ ಮರಿಗಳು ಮೊಲೆಹಾಲು ಕುಡಿದು ಬೆಳೆಯುತ್ತವೆ, ಅವಕ್ಕೆ ಈ ಕಿಣ್ವ ಇರುತ್ತೆ. ಹಕ್ಕಿಗಳ ಕರುಳಲ್ಲಿ ಅದು ಕೆಲಸಕ್ಕೆ ಬರುವಷ್ಟು ಇಲ್ಲ. ಜೀರ್ಣ ಆಗದ ಸಕ್ಕರೆ ಕರುಳಲ್ಲಿ ಹಾಗೇ ಮುಂದೆ ಹೋಗುತ್ತೆ. ಹೋಗುವಾಗ ಮೈಯೊಳಗಿನ ನೀರನ್ನು ಕರುಳಿಗೆ ಎಳೆದುಕೊಳ್ಳುತ್ತೆ. ಉಳಿದಿದ್ದನ್ನು ಬ್ಯಾಕ್ಟೀರಿಯಾ ಹುಳಿ ಬರಿಸುತ್ತವೆ, ಗಾಳಿ ತುಂಬುತ್ತೆ. ಅದಕ್ಕೇ ಹಿಕ್ಕೆ ತೆಳು.

ಸುಮ್ನೆ ಗೂಡಲ್ಲಿ ಕೂತಿರುವ ಹಕ್ಕಿ ಇದನ್ನು ತಡೆದುಕೊಳ್ಳಬಹುದು. ರೇಸ್‌ಗೆ ಒಯ್ಯುವ ಬುಟ್ಟಿಯಲ್ಲಿ ರಾತ್ರಿ ಕಳೆದು ಮರುದಿನ ಬಿಸಿಲಲ್ಲಿ ಮೂರು ಗಂಟೆ ರೆಕ್ಕೆ ಬಡಿಯಬೇಕಾದ ಹಕ್ಕಿಗೆ ಮೈಯಲ್ಲಿ ನೀರು ಕಡಿಮೆಯಾದರೆ ಕಷ್ಟ.

ನೀಲಿರೆಕ್ಕೆ, ಒಂದು ವಿಷಯ ಹೇಳಿ. ಹಿಕ್ಕೆಯ ಗಟ್ಟಿ ಭಾಗವೇ ಕರಗಿ ನೀರಾಗಿತ್ತಾ, ಇಲ್ಲಾ ಗಟ್ಟಿ ಭಾಗ ಹಾಗೇ ಇದ್ದು ಸುತ್ತ ತಿಳಿನೀರು ನಿಂತಿತ್ತಾ? ಇವೆರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಹೊಸಪುಕ್ಕ
ಡಾಕ್ಟ್ರೇ, ಒಂದು ಸಂದೇಹ. ಪಾರಿವಾಳವೇ ತನ್ನ ಮರಿಗೆ ಹಾಲು ಕೊಡುತ್ತೆ ಅಂತಾರಲ್ಲ? ಹಾಗಿದ್ದ ಮೇಲೆ ಹಾಲು ಹೇಗೆ ಒಗ್ಗಲ್ಲ?

ಮರಿಮನೆ
ಇದು ನನ್ನ ಪ್ರೀತಿಯ ವಿಷಯ, ನಾನು ಹೇಳುತ್ತೇನೆ. ನಾನು ರೇಸ್‌ಗಿಂತ ಮರಿ ಮಾಡಿಸುವುದರಲ್ಲೇ ಜಾಸ್ತಿ ಇರುವವಳು.

ಪಾರಿವಾಳದ ಹಾಲು ಅಂತ ಕರೆಯೋದು ಬರೀ ಹೆಸರಿಗೆ. ಅದು ಹಸುವಿನ ಹಾಲಿನಂತೆ ಅಲ್ಲವೇ ಅಲ್ಲ. ಗಂಟಲ ಚೀಲದ ಒಳಗೋಡೆಯ ಜೀವಕೋಶಗಳು ಕೊಬ್ಬು, ಪ್ರೋಟೀನ್ ತುಂಬಿಕೊಂಡು ಕಳಚಿ ಬೀಳುತ್ತವೆ. ಅದೇ ಈ ಹಾಲು. ನೋಡಲು ತಿಳಿಹಳದಿ ಬಣ್ಣದ ಗಿಣ್ಣಿನ ಪುಡಿಯಂತೆ ಇರುತ್ತೆ, ಹರಿಯುವುದಿಲ್ಲ. ಅದರಲ್ಲಿ ಲ್ಯಾಕ್ಟೋಸ್ ಇಲ್ಲ. ಪ್ರೋಟೀನ್, ಕೊಬ್ಬು, ರೋಗ ತಡೆಯುವ ಪ್ರತಿಕಾಯಗಳು ಇವೆ. ಇನ್ನೊಂದು ಚೆಂದ ನೋಡಿ, ಗಂಡು ಹೆಣ್ಣು ಎರಡೂ ಈ ಹಾಲು ಮಾಡುತ್ತವೆ. ಕಾವು ಒಟ್ಟು 17-18 ದಿನ, ಮರಿ ಹೊರಬರಲು ಒಂದೆರಡು ದಿನ ಇದೆ ಅನ್ನುವಾಗಲೇ ಹಾಲು ತಯಾರಾಗಿರುತ್ತೆ. ಮಾಡಿಸುವುದು ಪ್ರೊಲ್ಯಾಕ್ಟಿನ್ ಹಾರ್ಮೋನು. ತಾಯಂದಿರಲ್ಲಿ ಎದೆಹಾಲು ಬರಿಸುವುದೂ ಅದೇ. 1930ರ ದಶಕದಲ್ಲಿ ವಿಜ್ಞಾನಿ ಆಸ್ಕರ್ ರಿಡಲ್ ಮತ್ತು ಜೊತೆಯವರು ಆ ಹಾರ್ಮೋನಿಗೆ ಹೆಸರಿಟ್ಟಿದ್ದು ಪಾರಿವಾಳದ ಗಂಟಲ ಚೀಲ ನೋಡಿಯೇ.

ಮೊಟ್ಟೆಯಿಂದ ಬಂದ ಮರಿ ಹದಿನೈದು ಹದಿನೆಂಟು ಗ್ರಾಂ ಇರುತ್ತೆ. ಸುಮಾರು ಎರಡು ದಿನಕ್ಕೆ ತೂಕ ದುಪ್ಪಟ್ಟು. ನಾನು ಪ್ರತಿ ಸಲ ಅಂಗೈ ಮೇಲೆ ಇಟ್ಟು ನೋಡುತ್ತೇನೆ. ಕಣ್ಣು ಮುಚ್ಚಿರುತ್ತೆ, ಮೈಮೇಲೆ ಹಳದಿ ಕೂದಲೆಳೆ, ಕುತ್ತಿಗೆ ಕೆಳಗೆ ಗೋಲಿ ಸಿಕ್ಕಿಸಿದ ಹಾಗೆ ಚೀಲ ಉಬ್ಬಿರುತ್ತೆ. ತೆಳು ಚರ್ಮದ ಒಳಗೆ ಆ ಹಳದಿ ಹಾಲು ಕಾಣುತ್ತೆ. ಮೊದಲ ನಾಲ್ಕೈದು ದಿನ ಬರೀ ಅದೇ. ಆಮೇಲೆ ನೆನೆದ ಕಾಳು ನಿಧಾನಕ್ಕೆ ಸೇರುತ್ತೆ.

ಹೊಸಪುಕ್ಕ
ಅಕ್ಕಾ, ಗಂಡೂ ಹಾಲು ಮಾಡುತ್ತೆ ಅಂತ ಇವತ್ತೇ ಗೊತ್ತಾಗಿದ್ದು!

ಮೋಡದಾಚೆ
ಫ್ಲೆಮಿಂಗೋ ಕೂಡ ಇಂಥದ್ದೇ ಹಾಲು ಕೊಡುತ್ತೆ. ಎಂಪರರ್ ಪೆಂಗ್ವಿನ್‌ನಲ್ಲಿ ಗಂಡು ಕೊಡುತ್ತೆ.

ಹಳೆಗೂಡು
ವಿಜ್ಞಾನ ಎಲ್ಲಾ ಸರಿ ಮಗಾ. ಆದರೆ ಹಾಲಿನಲ್ಲಿ ಪ್ರೋಟೀನ್ ಇದೆ, ಕ್ಯಾಲ್ಸಿಯಂ ಇದೆ. ಇದನ್ನು ಯಾರಾದರೂ ಇಲ್ಲ ಅನ್ನೋಕಾಗುತ್ತಾ? ಸ್ವಲ್ಪ ಹೊಟ್ಟೆ ಸಡಿಲ ಆದರೂ ಬಲ ಸೇರುತ್ತೆ ಅಲ್ವಾ?

ಕಾಳುಲೆಕ್ಕ
ಅಣ್ಣ, ಒಂದು ನಿಮಿಷ ಲೆಕ್ಕ ಹಾಕೋಣ. ನೀಲಿರೆಕ್ಕೆ ಕೊಟ್ಟಿದ್ದು ಹತ್ತಕ್ಕೆ ಒಂದು ಪಾಲು ಹಾಲು. ಒಂದು ಹಕ್ಕಿ ದಿನಕ್ಕೆ 40 ಮಿಲಿ ಕುಡಿಯುತ್ತೆ ಅಂತ ಇಟ್ಟುಕೊಳ್ಳಿ. ಅಂದರೆ ಅದರ ಹೊಟ್ಟೆಗೆ ಹೋದ ಹಾಲು 4 ಮಿಲಿ.

ಹಸುವಿನ ಹಾಲಿನಲ್ಲಿ ಪ್ರೋಟೀನ್ ಸುಮಾರು ಶೇಕಡಾ 3.3. ಆದ್ದರಿಂದ 4 ಮಿಲಿಯಲ್ಲಿ 0.13 ಗ್ರಾಂ. ಒಣ ಬಟಾಣಿಯಲ್ಲಿ ಪ್ರೋಟೀನ್ ಶೇಕಡಾ 22ರ ಆಸುಪಾಸು. ಒಂದು ಕಾಳು ಕಾಲು ಗ್ರಾಂ ತೂಗಿದರೆ ಅದರಲ್ಲಿ 0.05 ಗ್ರಾಂಗಿಂತ ಸ್ವಲ್ಪ ಜಾಸ್ತಿ. ಅಂದರೆ ಇಡೀ ದಿನ ಹಾಲು ಕುಡಿಸಿ ಕೊಟ್ಟ ಪ್ರೋಟೀನ್ ಮೂರು ಬಟಾಣಿ ಕಾಳಿಗೆ ಸಮ ಆಗಲಿಲ್ಲ.

ಕ್ಯಾಲ್ಸಿಯಂ ನೋಡಿ. 4 ಮಿಲಿ ಹಾಲಿನಲ್ಲಿ ಸುಮಾರು 5 ಮಿಲಿಗ್ರಾಂ. ಸಿಂಪಿ ಚಿಪ್ಪಿನ ಚೂರಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕ್ಯಾಲ್ಸಿಯಂ ಇರುತ್ತೆ. ಅಷ್ಟು ಕ್ಯಾಲ್ಸಿಯಂಗೆ ಅಕ್ಕಿಕಾಳಿಗಿಂತ ಚಿಕ್ಕ ಚಿಪ್ಪಿನ ಚೂರು ಸಾಕು.

ಅದೇ 4 ಮಿಲಿಯಲ್ಲಿ ಲ್ಯಾಕ್ಟೋಸ್ ಎಷ್ಟು ಗೊತ್ತಾ? ಸುಮಾರು 0.19 ಗ್ರಾಂ. ಪ್ರೋಟೀನ್‌ಗಿಂತ ಅದೇ ಜಾಸ್ತಿ. ಬಲ ಸೇರಿಸಲು ಹೋಗಿ ಹೊಟ್ಟೆ ಕೆಡಿಸುವುದನ್ನೇ ಹೆಚ್ಚು ಕೊಟ್ಟಂತಾಯ್ತು.

ಬೂದಿಗರಿ
ಮೂರು ಬಟಾಣಿ! ಇದನ್ನು ನಮ್ಮ ಗೂಡಿನ ಬಾಗಿಲ ಮೇಲೆ ಬರೆದಿಡುತ್ತೇನೆ.

ಹಳೆಗೂಡು
ಲೆಕ್ಕ ಚೆನ್ನಾಗಿದೆ, ಒಪ್ಪಿದೆ. ಆದರೂ ಮೂವತ್ತು ವರ್ಷ ಕಣ್ಣಾರೆ ಕಂಡಿದ್ದನ್ನು ಒಂದೇ ಸಂಜೆಗೆ ಬಿಡೋಕಾಗಲ್ಲ. ನನ್ನ ಹಕ್ಕಿಗಳು ಯಾಕೆ ಚೆನ್ನಾಗಿವೆ ಹೇಳಿ?

ಹಕ್ಕಿವೈದ್ಯ
ಅಣ್ಣ, ನೀವು ಕೊಡುವುದು ನೆನೆಸಿದ ಬ್ರೆಡ್ಡು, ಅದೂ ವಾರಕ್ಕೊಂದು ಸಂಜೆ, ಅದೂ ರೇಸ್ ಮುಗಿದ ಮೇಲೆ. ಒಂದು ಹಕ್ಕಿಗೆ ಹೋಗುವ ಹಾಲು ಒಂದೆರಡು ಮಿಲಿ ಇರಬಹುದು. ಮುಂದಿನ ರೇಸ್‌ಗೆ ಆರು ದಿನ ಇರುತ್ತೆ, ಅಷ್ಟರಲ್ಲಿ ಹೊಟ್ಟೆ ಸರಿಹೋಗುತ್ತೆ. ನಿಮ್ಮ ಹಕ್ಕಿಗಳು ಚೆನ್ನಾಗಿರುವುದು ನೀವು ಗೂಡನ್ನು ಒಣಗಿಸಿ ಇಡುತ್ತೀರಿ, ಕಾಳು ಆರಿಸಿ ಕೊಡುತ್ತೀರಿ, ಹೊತ್ತಿಗೆ ಸರಿಯಾಗಿ ಬಿಡುತ್ತೀರಿ ಅಂತ. ಆ ಮೂವತ್ತು ವರ್ಷದ ಫಲ ಹಾಲಿಗೆ ಹೋಗುವುದು ಬೇಡ.

ನೀಲಿರೆಕ್ಕೆ
ಡಾಕ್ಟ್ರೇ, ನೀವು ಕೇಳಿದ್ದಕ್ಕೆ ಉತ್ತರ. ಗಟ್ಟಿ ಭಾಗವೇ ಕರಗಿತ್ತು, ಹಸಿರು ಮಿಶ್ರಿತ ಕಂದು, ಹುಳಿ ವಾಸನೆ. ಹಾಲು ನಿಲ್ಲಿಸಿ ಎರಡು ದಿನಕ್ಕೆ ಬಹಳಷ್ಟು ಸರಿಯಾಗಿದೆ. ನೀರಿನ ಪಾತ್ರೆ ತೊಳೆಯುವಾಗ ಅಂಚಿಗೆ ಬೆರಳು ತಾಗಿಸಿದರೆ ಲೋಳೆ ಲೋಳೆ ಇತ್ತು. ಅದೂ ಹಾಲಿನಿಂದಲೇನಾ?

ಹಕ್ಕಿವೈದ್ಯ
ಹೌದು, ಆ ಲೋಳೆ ಬ್ಯಾಕ್ಟೀರಿಯಾಗಳ ಪದರ. ಹಾಲು, ಗ್ಲೂಕೋಸ್, ಜೇನು ಯಾವುದೇ ನೀರಿಗೆ ಹಾಕಿದರೂ ಕೆಲವೇ ಗಂಟೆಗೆ ಶುರುವಾಗುತ್ತೆ. ಬಿಸಿಲಿದ್ದರೆ ಇನ್ನೂ ಬೇಗ. ಒಂದು ಪಾತ್ರೆಯಿಂದ 22 ಹಕ್ಕಿ ಕುಡಿಯುತ್ತವೆ. ಕ್ಯಾಂಕರ್ (ಬಾಯಿ, ಗಂಟಲಿಗೆ ಬರುವ ಸೋಂಕು) ಇರುವ ಒಂದು ಹಕ್ಕಿಯಿಂದ ಉಳಿದವಕ್ಕೆ ಹರಡುವುದೂ ಇದೇ ಪಾತ್ರೆಯಿಂದ. ಸಿಹಿನೀರು ಕೊಟ್ಟರೆ ಎರಡು ಮೂರು ಗಂಟೆ ಇಟ್ಟು ಚೆಲ್ಲಿ, ಉಜ್ಜಿ ತೊಳೆದು, ಬರೀ ನೀರು ಇಡಿ.

ಹಿಕ್ಕೆ ಬಗ್ಗೆ ಯಾಕೆ ಕೇಳಿದೆ ಅಂದರೆ, ಗಟ್ಟಿ ಭಾಗ ಎಳೆಯಂತೆ ಹಾಗೇ ಇದ್ದು ಸುತ್ತ ನೀರಿನ ಕೊಳ ಇದ್ದರೆ ಅದು ಭೇದಿಯಲ್ಲ, ಮೂತ್ರ ಜಾಸ್ತಿ ಹೋಗುತ್ತಿದೆ ಅಂತ. ಪ್ಯಾರಾಮಿಕ್ಸೋ ವೈರಸ್‌ನಲ್ಲಿ ಹೀಗಾಗುತ್ತೆ. ಜೊತೆಗೆ ಕುತ್ತಿಗೆ ತಿರುಚುವುದು, ಕಾಳಿಗೆ ಕುಕ್ಕಿದರೆ ಗುರಿ ತಪ್ಪುವುದು ಕಂಡರೆ ಆ ಹಕ್ಕಿಯನ್ನು ತಕ್ಷಣ ಬೇರೆ ಇಡಬೇಕು. ಅದಕ್ಕೆ ಲಸಿಕೆಯೇ ದಾರಿ. "ಹಾಲು ಕೊಟ್ಟಿದ್ದೆ, ಅದಕ್ಕೇ ಇರಬೇಕು" ಅಂತ ಸುಮ್ಮನಿದ್ದರೆ ಗೂಡೇ ಹೋಗುತ್ತೆ. ನಿಮ್ಮದು ಎರಡು ದಿನಕ್ಕೆ ಸರಿಯಾಯ್ತು, ಹಾಗಾಗಿ ಹಾಲೇ ಕಾರಣ ಅನ್ನಿಸುತ್ತೆ. ಆದರೂ ಒಮ್ಮೆ ಹಿಕ್ಕೆ ಪರೀಕ್ಷೆ ಮಾಡಿಸಿ. ಕಾಕ್ಸಿಡಿಯಾ (ಕರುಳಲ್ಲಿ ಬೆಳೆಯುವ ಸೂಕ್ಷ್ಮ ಪರೋಪಜೀವಿ), ಜಂತುಹುಳು ಇದ್ದರೆ ಮೈಕ್ರೋಸ್ಕೋಪ್‌ನಲ್ಲಿ ಕಾಣುತ್ತೆ.

ಗರಿಗೆದರಿ
ಮೊಸರು ಪರವಾಗಿಲ್ವಾ? ನಾನು ವಾರಕ್ಕೊಮ್ಮೆ ಕಾಳಿಗೆ ಮೊಸರು ಸವರಿ ಕೊಡುತ್ತೇನೆ. ಇಲ್ಲಿವರೆಗೆ ತೊಂದರೆ ಇಲ್ಲ.

ಕಾಳುಲೆಕ್ಕ
ಮೊಸರಾಗುವಾಗ ಲ್ಯಾಕ್ಟೋಸ್‌ನ ಒಂದು ಪಾಲು ಹುಳಿಯಾಗಿ ಬದಲಾಗುತ್ತೆ, ಎಲ್ಲಾ ಹೋಗುವುದಿಲ್ಲ. ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದರೆ ಆ ನೀರಿನ ಜೊತೆ ಇನ್ನಷ್ಟು ಹೋಗುತ್ತೆ. ಹಾಲಿಗಿಂತ ಎಷ್ಟೋ ವಾಸಿ. ಕಾಳಿಗೆ ಅಂಟುವಷ್ಟು ಮಾತ್ರ ಹಾಕಿ. ಉಳಿದಿದ್ದನ್ನು ಸಂಜೆಗೆ ಇಡಬೇಡಿ.

ಗರಿಗೆದರಿ
ಚೀಸ್ ಚೂರು ಕೊಡುವವರೂ ಇದ್ದಾರೆ. ಹಳೆಯ ಗಟ್ಟಿ ಚೀಸ್‌ನಲ್ಲಿ ಲ್ಯಾಕ್ಟೋಸ್ ಇರಲ್ಲ ಅಂತಾರೆ.

ಹಕ್ಕಿವೈದ್ಯ
ಲ್ಯಾಕ್ಟೋಸ್ ಇಲ್ಲ ಅನ್ನುವಷ್ಟು ಕಡಿಮೆ, ಅದು ನಿಜ. ಆದರೆ ಉಪ್ಪು ಜಾಸ್ತಿ. ಪಾರಿವಾಳಕ್ಕೆ ಉಪ್ಪು ತುಂಬಾ ಇಷ್ಟ, ಕೊಟ್ಟಷ್ಟೂ ತಿನ್ನುತ್ತೆ, ಮಿತಿ ಮೀರಿದರೆ ಸಾಯುತ್ತೆ. ಬಟಾಣಿ ಗಾತ್ರದ ಚೂರು ಒಂದೆರಡಕ್ಕೆ ನಿಲ್ಲಿಸಿ. ಕೈಗೆ ಪಳಗಿಸಲು ಕೊಡುವುದಾದರೆ ಕಡಲೆಬೀಜ ಇದೆಯಲ್ಲ.

ತಿರುಗುಗಾಳಿ
ನನ್ನ ಕಥೆ ಕೇಳಿ, ಬೇರೆಯವರಿಗೆ ಹೀಗಾಗುವುದು ಬೇಡ. ಎರಡು ವರ್ಷದ ಹಿಂದೆ ಗೂಡಿನಲ್ಲಿ ಉಸಿರಾಟದ ಕಾಯಿಲೆ ಬಂತು. ಕಣ್ಣಲ್ಲಿ ನೀರು, ಮೂಗಿನ ಬಿಳಿ ಭಾಗ ಬೂದು. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಡಲು ಹೇಳಿದರು. ಔಷಧ ನೀರಿಗೆ ಹಾಕಿದೆ. ಹಕ್ಕಿಗಳು ಸೊರಗಿವೆ ಅಂತ ಪಕ್ಕದಲ್ಲೇ ಗ್ರಿಟ್ (ಸಣ್ಣ ಕಲ್ಲು, ಚಿಪ್ಪಿನ ಚೂರು) ಇಟ್ಟೆ, ಸಂಜೆ ಹಾಲು ಬ್ರೆಡ್ಡೂ ಕೊಟ್ಟೆ. ಏಳು ದಿನ ಆದರೂ ಒಂಚೂರೂ ಗುಣ ಕಾಣಲಿಲ್ಲ. ಒಂದು ಎಳೆ ಗಂಡು ಹೋಯ್ತು. ಆಮೇಲೆ ಗೊತ್ತಾಯ್ತು, ಕ್ಯಾಲ್ಸಿಯಂ ಆ ಔಷಧವನ್ನು ಹಿಡಿದುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ. ಗ್ರಿಟ್, ಚಿಪ್ಪು, ಹಾಲು ಎಲ್ಲಾ ತೆಗೆದು ಮತ್ತೆ ಮೊದಲಿನಿಂದ ಕೊಟ್ಟ ಮೇಲೆ ಉಳಿದವು ಚೇತರಿಸಿಕೊಂಡವು. ಆ ಎಳೆಯದರ ಕಾಲಿನ ರಿಂಗ್ ಇನ್ನೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ.

ಹಕ್ಕಿವೈದ್ಯ
ಇದನ್ನು ಎಲ್ಲರೂ ಎರಡು ಸಲ ಓದಿ. ಇದರಂತೆಯೇ ಇನ್ನೊಂದಿದೆ. ಕಾಕ್ಸಿಡಿಯಾಕ್ಕೆ ಆ್ಯಂಪ್ರೋಲಿಯಂ ಕೊಡುವಾಗ ವಿಟಮಿನ್ ಬಿ1 ಕೊಡಬೇಡಿ. ಆ ಔಷಧ ನೋಡಲು ಬಿ1ನಂತೆಯೇ ಇದ್ದು ಆ ಜೀವಿಯನ್ನು ಮೋಸಗೊಳಿಸುತ್ತೆ. ನೀವು ನಿಜವಾದ ಬಿ1 ಸುರಿದರೆ ಔಷಧದ ಕೆಲಸ ಕೆಡುತ್ತೆ. ಯೀಸ್ಟ್, ಬಿ ಕಾಂಪ್ಲೆಕ್ಸ್ ಎಲ್ಲಾ ಕೋರ್ಸ್ ಮುಗಿದ ಮೇಲೆ.

ನೀಲಿರೆಕ್ಕೆ
ತಿರುಗುಗಾಳಿ ಅಣ್ಣ, ಓದಿ ಬೇಜಾರಾಯ್ತು. ಹೇಳಿಕೊಂಡಿದ್ದು ಒಳ್ಳೆಯದಾಯ್ತು. ಹಾಗಾದರೆ ನನ್ನ ಉಳಿದ ಐಟಂಗಳ ಬಗ್ಗೆ ಹೇಳಿ.

ಕಾಳುಲೆಕ್ಕ
ಮೊದಲು ಬಾಟಲಿಗಳ ಲೇಬಲ್ ಓದಿ. ಮಲ್ಟಿವಿಟಮಿನ್‌ನಲ್ಲಿ ಡಿ3 ಇರುತ್ತೆ. ಕ್ಯಾಲ್ಸಿಯಂ ಸಿರಪ್‌ನಲ್ಲಿ ಸಾಮಾನ್ಯವಾಗಿ ಡಿ3 ಸೇರಿಸಿರುತ್ತಾರೆ. ಕಾಡ್ ಲಿವರ್ ಎಣ್ಣೆಯಲ್ಲೂ ಎ ಮತ್ತು ಡಿ ಇದೆ. ನೀವು ಒಂದೇ ವಿಟಮಿನ್ ಮೂರು ಬಾಗಿಲಿಂದ ತುಂಬುತ್ತಿದ್ದೀರಿ. ಬಿ ಗುಂಪಿನದು ಹೆಚ್ಚಾದರೆ ಬಹುಮಟ್ಟಿಗೆ ಹೊರಗೆ ಹೋಗುತ್ತೆ. ಎ, ಡಿ, ಇ, ಕೆ ಕೊಬ್ಬಿನಲ್ಲಿ ಕರಗುವಂಥವು, ಎ ಮತ್ತು ಡಿ ಮೈಯಲ್ಲೇ ಉಳಿದು ಸೇರುತ್ತಾ ಹೋಗುತ್ತವೆ. ಡಿ3 ಮಿತಿ ಮೀರಿದರೆ ಮೂತ್ರಪಿಂಡದಲ್ಲಿ ಸುಣ್ಣ ಕಟ್ಟುತ್ತೆ.

ಹಾಗಾಗಿ ಸಿರಪ್ ತೆಗೆದುಬಿಡಿ. ಸಿಂಪಿ ಚಿಪ್ಪು ಮತ್ತು ಗ್ರಿಟ್ ಯಾವಾಗಲೂ ಒಂದು ಬಟ್ಟಲಲ್ಲಿ ಇಡಿ. ಹಕ್ಕಿ ತನಗೆ ಬೇಕಾದಷ್ಟು ಆರಿಸಿಕೊಳ್ಳುತ್ತೆ. ಮೊಟ್ಟೆ ಇಡುವ ಹೆಣ್ಣು ಆ ವಾರ ಹೇಗೆ ಚಿಪ್ಪಿಗೆ ಮುತ್ತುತ್ತೆ ನೋಡಿ! ಗಂಡು ಅತ್ತ ತಿರುಗಿಯೂ ನೋಡಲ್ಲ. ಮಲ್ಟಿವಿಟಮಿನ್ ವಾರಕ್ಕೆ ಒಂದು ದಿನ ಸಾಕು, ರೇಸ್‌ನಿಂದ ಬಂದ ಮರುದಿನ. ಗರಿ ಉದುರುವ ಕಾಲದಲ್ಲಿ ಎರಡು ದಿನ.

ವಿನೆಗರ್ ಲೀಟರಿಗೆ 5 ಮಿಲಿ, ವಾರಕ್ಕೆ ಒಂದೆರಡು ದಿನ. ಪ್ಲಾಸ್ಟಿಕ್ ಪಾತ್ರೆಯಲ್ಲಿ ಮಾತ್ರ. ಸತು ಬಳಿದ ತಗಡಿನ ಪಾತ್ರೆಯಲ್ಲಿ ಹುಳಿ ಹಾಕಿದರೆ ಸತು ಬಿಟ್ಟುಕೊಂಡು ವಿಷ ಆಗುತ್ತೆ.

ಬೂದಿಗರಿ
ಬೆಳ್ಳುಳ್ಳಿ?

ಹಕ್ಕಿವೈದ್ಯ
ಲೀಟರಿಗೆ ಒಂದು ಎಸಳು ಜಜ್ಜಿ ಹಾಕಿ ವಾರಕ್ಕೊಂದು ದಿನ ಕೊಟ್ಟರೆ ನಾನು ಜಗಳ ಆಡಲ್ಲ. ದಿನಾ ಕೊಡಬೇಡಿ. ಈರುಳ್ಳಿ, ಬೆಳ್ಳುಳ್ಳಿ ಜಾತಿ ಜಾಸ್ತಿಯಾದರೆ ಕೆಂಪು ರಕ್ತಕಣ ಒಡೆಯುತ್ತೆ. ಆಮ್ಲಜನಕ ಹೊರುವುದೇ ಆ ಕಣಗಳು. ರೇಸ್ ಹಕ್ಕಿಯಲ್ಲಿ ಅವನ್ನೇ ಕಳೆದುಕೊಂಡರೆ ಹೇಗೆ?

ಬಿಸಿಲುಕುದುರೆ
ನಾನು ಜಿಮ್‌ಗೆ ಹೋಗುತ್ತೇನೆ. ನನ್ನ ವೇ ಪ್ರೋಟೀನ್ ಪುಡಿಯನ್ನೇ ಒಂದು ಚಮಚ ಕಾಳಿಗೆ ಬೆರೆಸುತ್ತೇನೆ. ಎದೆ ಚೆನ್ನಾಗಿ ತುಂಬುತ್ತೆ ಅಂತ.

ಕಾಳುಲೆಕ್ಕ
ವೇ ಅಂದರೂ ಹಾಲೇ ಅಣ್ಣ. ಕಾನ್ಸಂಟ್ರೇಟ್ ಪುಡಿಯಲ್ಲಿ ಲ್ಯಾಕ್ಟೋಸ್ ಉಳಿದಿರುತ್ತೆ. ಅದಿರಲಿ, ಪಾರಿವಾಳದ ಎದೆಯ ಸ್ನಾಯು ಮೈತೂಕದ ಸುಮಾರು ಐದನೇ ಒಂದು ಭಾಗ. ಅದನ್ನು ಬೆಳೆಸುವುದು ಹಾರಾಟ. ಗಂಟೆಗಟ್ಟಲೆ ಹಾರಲು ಅದು ಉರಿಸುವುದು ಮುಖ್ಯವಾಗಿ ಕೊಬ್ಬನ್ನು. ಹೆಚ್ಚಾದ ಪ್ರೋಟೀನ್ ಯೂರಿಕ್ ಆಮ್ಲವಾಗಿ ಹೊರಗೆ ಹೋಗಬೇಕು, ಹಿಕ್ಕೆಯ ಬಿಳಿ ಭಾಗ ಅದೇ. ಮೂತ್ರಪಿಂಡಕ್ಕೆ ಕೆಲಸ ಜಾಸ್ತಿ ಅಷ್ಟೆ.

ಬಿಸಿಲುಕುದುರೆ
ಹಾಗಾದರೆ ರೇಸ್ ವಾರ ಏನು ಕೊಡಬೇಕು?

ಕಾಳುಲೆಕ್ಕ
ನಾನು ಮಾಡುವುದು ಹೇಳುತ್ತೇನೆ. ಬಂದ ದಿನ ಎಲೆಕ್ಟ್ರೋಲೈಟ್ ನೀರು, ಸಣ್ಣ ಕಾಳು, ಹೊಟ್ಟೆಗೆ ಹಗುರ. ಮುಂದಿನ ಎರಡು ದಿನ ಬಾರ್ಲಿ ಜಾಸ್ತಿ, ಬಟಾಣಿ ಸ್ವಲ್ಪ. ನಡುವಾರದಿಂದ ಬಾರ್ಲಿ ಇಳಿಸುತ್ತಾ ಜೋಳ, ಕುಸುಬೆ ಏರಿಸುತ್ತೇನೆ. ಬುಟ್ಟಿಗೆ ಹಾಕುವ ಹಿಂದಿನ ಎರಡು ದಿನ ಒಂದೊಂದು ಹಕ್ಕಿಗೆ ಏಳೆಂಟು ಕಡಲೆಬೀಜ. ದಿನಕ್ಕೆ ಒಟ್ಟು ಮೇವು ಹಕ್ಕಿಗೆ 30 ಗ್ರಾಂ ಆಸುಪಾಸು. ಬಾರ್ಲಿಯನ್ನು ತಟ್ಟೆಯಲ್ಲಿ ಬಿಡಲು ಶುರು ಮಾಡಿದರೆ ಹೊಟ್ಟೆ ತುಂಬಿದೆ ಅಂತ ಲೆಕ್ಕ.

ಹಳೆಗೂಡು
ಇದರಲ್ಲಿ ನಾನು ಒಪ್ಪಲ್ಲ. 200 ಕಿಲೋಮೀಟರಿಗೆ ಇಷ್ಟು ಎಣ್ಣೆಕಾಳು ಯಾಕೆ? ಹಕ್ಕಿ ಮೂರು ಗಂಟೆಗೆ ಮನೆಗೆ ಬರುತ್ತೆ. ಕೊಬ್ಬು ಹೊತ್ತುಕೊಂಡು ಹೋದರೆ ಭಾರ. ಚಿಕ್ಕ ರೇಸ್‌ಗೆ ಹಗುರ ಮೇವು, 500ರ ಮೇಲೆ ಹೋದರೆ ಮಾತ್ರ ಎಣ್ಣೆಕಾಳು. ಎಲ್ಲಾ ರೇಸ್‌ಗೂ ಒಂದೇ ಮೇವು ಕೊಟ್ಟೇ ಹೊಸಬರು ಕೆಡುವುದು.

ಕಾಳುಲೆಕ್ಕ
ಸರಿ ಅಣ್ಣ, ಇದು ನಿಮ್ಮ ಅನುಭವದ ಮಾತು. ನಾನು ಬರೆದಿದ್ದು ದೂರದ ರೇಸ್‌ಗೆ, ಅದನ್ನು ಹೇಳಬೇಕಿತ್ತು. 200ಕ್ಕೆ ಕಡಲೆಬೀಜ ಬೇಡ.

ಮರಿಮನೆ
ಕಡಲೆಬೀಜ ಅಂದಾಗ ನೆನಪಾಯ್ತು. ಒಂದೊಂದೂ ಕೈಯಲ್ಲಿ ನೋಡಿ ಕೊಡಿ. ಸುಕ್ಕಿದ್ದು, ಬೂಸ್ಟು ವಾಸನೆ ಇದ್ದಿದ್ದು ಬಿಸಾಕಿ. ಆ ಬೂಸ್ಟಿನ ಅಫ್ಲಾಟಾಕ್ಸಿನ್ ಲಿವರ್ ಹಾಳು ಮಾಡುತ್ತೆ. ಹುರಿದು ಉಪ್ಪು ಹಾಕಿದ್ದಂತೂ ಬೇಡವೇ ಬೇಡ.

ಇನ್ನೊಂದು ಮಾತು. ಮರಿ ಈಗಷ್ಟೇ ಒಡೆದಿರುವ ಜೋಡಿಯನ್ನು ರೇಸ್‌ಗೆ ಕಳಿಸಬೇಡಿ. ಗಂಟಲ ಚೀಲ ಅದರದ್ದೇ ಹಾಲಿನಿಂದ ತುಂಬಿರುತ್ತೆ. ಹಕ್ಕಿಗೂ ಕಷ್ಟ, ಮನೆಯಲ್ಲಿ ಮರಿಗೂ ಕಷ್ಟ.

ಮೋಡದಾಚೆ
ಬಲ ಬರಿಸುವ ವಿಷಯ ಬಂತು ಅಂತ ಹೇಳುತ್ತೇನೆ. 2013ರಲ್ಲಿ ಬೆಲ್ಜಿಯಂನ 20 ರೇಸ್ ಪಾರಿವಾಳಗಳ ಮಾದರಿಯನ್ನು ದಕ್ಷಿಣ ಆಫ್ರಿಕಾದ ಪ್ರಯೋಗಾಲಯಕ್ಕೆ ಕಳಿಸಿದ್ದರು. 6 ಮಾದರಿಗಳಲ್ಲಿ ನಿಷೇಧಿತ ಔಷಧ ಸಿಕ್ಕಿತು. ಐದರಲ್ಲಿ ನೋವು ನಿವಾರಕ, ಒಂದರಲ್ಲಿ ಕೊಕೇನ್! ಪಾಪದ ಹಕ್ಕಿಗಳು.

ತಿರುಗುಗಾಳಿ
ನೋವು ಮರೆಸಿ ಹಾರಿಸುವುದು ಅಂದರೆ ಕೇಳೋಕೇ ಆಗಲ್ಲ. ಅದು ಮನೆಗೆ ಬರೋದು ನಮ್ಮನ್ನು ನಂಬಿ.

ಹೊಸಪುಕ್ಕ
ವಿಷಯ ಬೇರೆ, ಕ್ಷಮಿಸಿ. ನನ್ನ ಹತ್ತಿರ ತಾಯಿ ತಂದೆ ಬಿಟ್ಟ ಒಂದು ಮರಿ ಇದೆ, ಆರು ದಿನದ್ದು. ಹಾಲು ಬೇಡ ಅಂದಿರಿ. ಮತ್ತೇನು ಕೊಡಲಿ? ಬಾಯಿ ಬಿಡುವುದೇ ಇಲ್ಲ.

ಮರಿಮನೆ
ಮೊದಲು ನೋಡಬೇಕಾದ್ದು, ಅದೇ ವಯಸ್ಸಿನ ಮರಿ ಇರುವ ಬೇರೆ ಜೋಡಿ ಇದೆಯಾ? ಒಂದೇ ಮರಿ ಇರುವ ಗೂಡಿಗೆ ಸಂಜೆ ಕತ್ತಲಲ್ಲಿ ಮೆಲ್ಲಗೆ ಇಟ್ಟುಬಿಡಿ. ಬಹಳ ಸಲ ಒಪ್ಪಿಕೊಳ್ಳುತ್ತವೆ.

ಇಲ್ಲದಿದ್ದರೆ ಹಕ್ಕಿಮರಿಗೆಂದೇ ಮಾಡಿದ ಪುಡಿ ಸಿಗುತ್ತೆ. ಬಿಸಿನೀರಲ್ಲಿ ಕಲಸಿ, 39-40 ಡಿಗ್ರಿಗೆ ಆರಿಸಿ ಕೊಡಿ. ಅದಕ್ಕಿಂತ ಬಿಸಿ ಇದ್ದರೆ ಗಂಟಲ ಚೀಲ ಸುಡುತ್ತೆ, ತಣ್ಣಗಿದ್ದರೆ ಒಳಗೇ ನಿಂತು ಹುಳಿಯುತ್ತೆ. ಪಾರಿವಾಳದ ಮರಿ ಬೇರೆ ಹಕ್ಕಿಗಳಂತೆ ಬಾಯಿ ತೆರೆದು ಕಾಯುವುದಿಲ್ಲ. ತಾಯಿಯ ಬಾಯೊಳಗೆ ಕೊಕ್ಕು ತೂರಿಸಿ ತಿನ್ನುತ್ತೆ. ಅದಕ್ಕೇ ನಿಮ್ಮದು ಬಾಯಿ ಬಿಡುತ್ತಿಲ್ಲ. ದೊಡ್ಡ ಸಿರಿಂಜಿನ ತುದಿ ಕತ್ತರಿಸಿ, ಅಂಚು ಉಜ್ಜಿ ನುಣ್ಣಗೆ ಮಾಡಿ, ಆ ಸಿರಿಂಜಿನ ಬಾಯಿಗೆ, ಎಳೆದರೆ ಹಿಗ್ಗುವ ಬ್ಯಾಂಡೇಜ್ ಕಟ್ಟಿ, ನಡುವೆ ಕೊಕ್ಕು ಹೋಗುವಷ್ಟು ತೂತು ಮಾಡಿ. ಕೊಕ್ಕು ಒಳಗೆ ಹೋದ ತಕ್ಷಣ ತಾನೇ ತಿನ್ನುತ್ತೆ, ರೆಕ್ಕೆ ನಡುಗಿಸುತ್ತಾ. ಮೂಗಿನ ಹೊಳ್ಳೆ ಮುಚ್ಚದಂತೆ ನೋಡಿಕೊಳ್ಳಿ. ಚೀಲ ಬಹುತೇಕ ಖಾಲಿಯಾದ ಮೇಲೆಯೇ ಮುಂದಿನ ಊಟ.

ಹೊಸಪುಕ್ಕ
ಅಕ್ಕಾ, ತಿಂತು! ಮೊದಲ ಸಲ ತೂತಿಗೆ ಕೊಕ್ಕು ತೋರಿಸಿದ್ದೇ ತಡ, ಕಿರುಚುತ್ತಾ ತಿಂತು. ಕೈಕಾಲು ನಡುಗಿತು ನನಗೆ.

ಹಳೆಗೂಡು
ಎರಡು ವಾರ ಆಯ್ತು, ಒಂದು ವಿಷಯ ಹೇಳಬೇಕು. ಕಾಳುಲೆಕ್ಕನ ಮೂರು ಬಟಾಣಿ ತಲೆಯಿಂದ ಹೋಗಲಿಲ್ಲ. ನನ್ನ 16 ಹಕ್ಕಿಗಳನ್ನು ಎರಡು ಪಾಲು ಮಾಡಿದೆ. ಎಂಟಕ್ಕೆ ಹಾಲು ಬ್ರೆಡ್ಡು, ಎಂಟಕ್ಕೆ ಬರೀ ನೀರು, ನೆನೆಸಿದ ಬಟಾಣಿ. ಮರುದಿನ ಬೆಳಿಗ್ಗೆ ಎರಡೂ ಕಡೆ ಹಲಗೆ ಮೇಲೆ ಕಾಗದ ಹಾಸಿ ನೋಡಿದೆ. ಹಾಲಿನ ಕಡೆ ಐದು ಕಡೆ ಹಿಕ್ಕೆ ಹರಡಿತ್ತು. ಇನ್ನೊಂದು ಕಡೆ ಎಲ್ಲಾ ಉಂಡೆ, ಮೇಲೆ ಬಿಳಿ ಟೋಪಿ, ಒಂದೆರಡಕ್ಕೆ ಸಣ್ಣ ತುಪ್ಪಳ ಅಂಟಿತ್ತು. ಮುಂದಿನ ವಾರ ಗುಂಪು ಅದಲು ಬದಲು ಮಾಡಿದೆ. ಮತ್ತೆ ಹಾಲಿನ ಕಡೆಯೇ ತೆಳು.

ರೇಸ್‌ನಲ್ಲಿ ಎರಡೂ ಪಾಲಿನವು ಹತ್ತಿರ ಹತ್ತಿರವೇ ಬಂದವು, ಅದನ್ನೂ ಹೇಳಬೇಕು. ಆದರೂ ಹಾಲು ನಿಲ್ಲಿಸಿದ್ದೇನೆ. ಮೊಸರು ಸವರಿದ ಕಾಳು ವಾರಕ್ಕೊಮ್ಮೆ ಕೊಡುತ್ತೇನೆ, ಅದಕ್ಕೆ ಯಾರೂ ಅಡ್ಡ ಬರಬೇಡಿ.

ಕಾಳುಲೆಕ್ಕ
ಗುಂಪು ಬದಲಿಸಿ ನೋಡಿದ್ದು ದೊಡ್ಡ ಕೆಲಸ ಅಣ್ಣ. ನಾನು ಅಷ್ಟು ಮಾಡಿರಲಿಲ್ಲ.

ನೀಲಿರೆಕ್ಕೆ
ನನ್ನ ಕಡೆಯಿಂದಲೂ ಸುದ್ದಿ. ಹಿಕ್ಕೆ ಪರೀಕ್ಷೆ ಮಾಡಿಸಿದೆ, ಕಾಕ್ಸಿಡಿಯಾ ಸ್ವಲ್ಪವೇ, ಔಷಧ ಬೇಡ ಅಂದರು. ಸಿರಪ್, ಎಣ್ಣೆ, ಗ್ಲೂಕೋಸ್ ತೆಗೆದಿದ್ದೇನೆ. ಮಲ್ಟಿವಿಟಮಿನ್ ವಾರಕ್ಕೆ ಒಂದು ದಿನ. ಬೆಳಿಗ್ಗೆ, ಸಂಜೆ ಪಾತ್ರೆ ಉಜ್ಜಿ ಬರೀ ನೀರು. ನೀಲಿ ಪಟ್ಟೆಯ ಹೆಣ್ಣನ್ನು ಈ ಸಲ ರೇಸ್‌ಗೆ ಕಳಿಸಲಿಲ್ಲ. ಇವತ್ತು ಕೈಗೆ ತಗೊಂಡೆ, ಎದೆಮೂಳೆಯ ಎರಡೂ ಕಡೆ ಮಾಂಸ ತುಂಬಿದೆ. ಇನ್ನೆಷ್ಟು ದಿನ ಬಿಟ್ಟು 50 ಕಿಲೋಮೀಟರ್ ದೂರ ಒಯ್ದು ಬಿಡುವ ಅಭ್ಯಾಸದ ಹಾರಾಟ, ಅಂದರೆ ಟಾಸ್‌ಗೆ ಒಯ್ಯಬಹುದು?

ಹಳೆಗೂಡು
ಆತುರ ಬೇಡ. ಮೊದಲು ಗೂಡಿನ ಸುತ್ತ ಗುಂಪಿನ ಜೊತೆ ಮುಕ್ಕಾಲು ಗಂಟೆ ತಾನಾಗಿ ಹಾರಲಿ. ಆಮೇಲೆ 10, ಆಮೇಲೆ 20. ಇಳಿದು ಬಂದಾಗ ಬಾಯಿ ಮುಚ್ಚಿ ಉಸಿರಾಡುತ್ತಿದ್ದರೆ ಆಗ 50ಕ್ಕೆ ತಗೊಂಡು ಹೋಗು. ಹೋದ ದಿನ ಇಲ್ಲಿ ಬಂದು ಹೇಳು.